ಭಾಗಲಬ್ಧ ಸಂಖ್ಯೆಯನ್ನು ಗುರುತಿಸುವುದು ಹೇಗೆ? ಶೇಷ ನೋಡಿ!

[ಪರದೆಯಲ್ಲಿ: 1 ÷ 17 = 0.0588235]

ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ ಒಂದನ್ನು ಹದಿನೇಳರಿಂದ ಭಾಗಿಸಿದರೆ ಇಷ್ಟು ಬರುತ್ತದೆ. ಅಂಕಿಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಹಾಗಾದರೆ ಇದು ಅಭಾಗಲಬ್ಧವೇ? ಖಂಡಿತ ಅಲ್ಲ.

ಮೇಲೊಂದು ಪೂರ್ಣಾಂಕ, ಕೆಳಗೊಂದು ಪೂರ್ಣಾಂಕ ಇಟ್ಟು ಬರೆಯಲು ಬಂದರೆ ಅದು ಭಾಗಲಬ್ಧ ಸಂಖ್ಯೆ. ಕೆಳಗಿನದು, ಅಂದರೆ ಛೇದ, ಸೊನ್ನೆ ಆಗಬಾರದು ಅಷ್ಟೇ. 5 ಅಂದರೆ 5/1. ಸೊನ್ನೆ ಅಂದರೆ 0/1. -0.75 ಅಂದರೆ -3/4. ನೋಡಲು ಭಿನ್ನರಾಶಿಯ ಥರ ಇರಬೇಕಿಲ್ಲ, ಹಾಗೆ ಬರೆಯಲು ಆದರೆ ಸಾಕು.

ಮಜಾ ಇರುವುದು ದಶಮಾಂಶದಲ್ಲಿ.

[ಪರದೆಯಲ್ಲಿ: 1 ÷ 7, ಶೇಷಗಳು ಒಂದೊಂದಾಗಿ ಮೂಡಲಿ]

1ನ್ನು 7ರಿಂದ ಭಾಗಿಸುತ್ತಾ ಹೋಗಿ. ಉತ್ತರ ಬಿಡಿ, ಶೇಷ ನೋಡಿ. 3, 2, 6, 4, 5, ಆಮೇಲೆ 1. ನಾವು ಶುರು ಮಾಡಿದ್ದೂ 1ರಿಂದಲೇ ಅಲ್ವಾ? ಅಂದಮೇಲೆ ಮುಂದೆ ಹಳೇ ಲೆಕ್ಕವೇ ಮತ್ತೆ ನಡೆಯುತ್ತದೆ: 0.142857142857... ಏಕೆಂದರೆ 7ರಿಂದ ಭಾಗಿಸುವಾಗ, ಸೊನ್ನೆ ಬಿಟ್ಟರೆ, ಉಳಿಯಬಹುದಾದ ಶೇಷಗಳು ಆರೇ ಆರು. ಅವು ಮುಗಿದ ಮೇಲೆ ಹಳೆಯದೊಂದು ಬರಲೇಬೇಕು. ಸೊನ್ನೆಯೇ ಬಂದರೆ ಭಾಗಾಕಾರ ಅಲ್ಲಿಗೆ ಮುಗಿಯಿತು, 3/8 = 0.375 ಆದ ಹಾಗೆ. ಭಾಗಲಬ್ಧ ಸಂಖ್ಯೆಗೆ ಮೂರನೇ ದಾರಿಯೇ ಇಲ್ಲ.

ಹದಿನೇಳರಲ್ಲಿ ಆಗುವುದೂ ಇದೇ. ಮರುಕಳಿಸುವ ಗುಂಪು 16 ಅಂಕಿಗಳಷ್ಟು ಉದ್ದ: 0588235294117647. ಕ್ಯಾಲ್ಕುಲೇಟರ್ ಅರ್ಧಕ್ಕೇ ನಿಂತುಬಿಡುತ್ತದೆ, ಪಾಪ.

ವಾಪಸ್ ಬರುವುದೂ ಸುಲಭ. 0.272727... ತೆಗೆದುಕೊಳ್ಳಿ. ಅದರ ನೂರು ಪಟ್ಟು 27.272727... ಇದರಿಂದ ಮೊದಲಿನದನ್ನು ಕಳೆದರೆ ಬಾಲ ಪೂರ್ತಿ ಹೋಗಿ 27 ಉಳಿಯುತ್ತದೆ. ನೂರು ಪಟ್ಟಿನಲ್ಲಿ ಒಂದು ಪಟ್ಟು ಹೋದರೆ 99 ಪಟ್ಟು. ಹಾಗಾಗಿ ಸಂಖ್ಯೆ 27/99, ಅಂದರೆ 3/11.

[ಪರದೆಯಲ್ಲಿ: 0.101001000100001...]

ಇದು ಜಾಸ್ತಿ ಜನ ಎಡವುವ ಜಾಗ. ಕ್ರಮ ಇದೆ, ಮುಂದೇನು ಬರುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಪ್ರತಿ ಸಲ ಒಂದು ಸೊನ್ನೆ ಹೆಚ್ಚಾಗುವುದರಿಂದ ಒಂದೇ ಗುಂಪು ಮರುಕಳಿಸುವುದಿಲ್ಲ. ಆದ್ದರಿಂದ ಇದು ಅಭಾಗಲಬ್ಧ.

ವರ್ಗಮೂಲದ ಚಿಹ್ನೆ ಕಂಡ ಕೂಡಲೇ ಸುಮ್ನೆ ಅಭಾಗಲಬ್ಧ ಅಂತ ಬರೆಯಬೇಡಿ. √2 ಅಭಾಗಲಬ್ಧ ನಿಜ. √16 ಮಾತ್ರ ಬರೀ 4.

ಇನ್ನು ಪೈ. ಅದರ ಜಾಗದಲ್ಲಿ 22/7 ಹಾಕಿ ಹಾಕಿ ಎರಡೂ ಒಂದೇ ಅನ್ನಿಸಿಬಿಡುತ್ತದೆ. 22/7 ಅಂದರೆ 3.142857..., ಪೈ ಅಂದರೆ 3.141592... ಮೂರನೇ ದಶಮಾಂಶ ಸ್ಥಾನದಲ್ಲೇ ದಾರಿ ಬೇರೆ. ಪೈ ಅಭಾಗಲಬ್ಧ ಅಂತ ಲ್ಯಾಂಬರ್ಟ್ ಎಂಬ ಗಣಿತಜ್ಞ 1760ರ ದಶಕದಲ್ಲಿ ಸಾಧಿಸಿ ತೋರಿಸಿದರು. ಲೆಕ್ಕಕ್ಕೆ 22/7 ಬಳಸಿ, ತಪ್ಪಿಲ್ಲ. ನಡುವೆ ಸಮ ಚಿಹ್ನೆ ಮಾತ್ರ ಬೇಡ, ಸುಮಾರು ಸಮ ಅನ್ನುವ ಚಿಹ್ನೆ ಹಾಕಿ.