ಹದಿನಾರನೆಯ ವಾರದ ಕೊನೆಯ ಪಾಠ

ಈ ವಿಡಿಯೊದಲ್ಲಿ ಮೇಜಿನ ಮೇಲೆ ನೀವು ನೋಡುತ್ತಿರುವ ದಪ್ಪ ರಟ್ಟಿನ ಪುಸ್ತಕದಲ್ಲಿ ಇರುವುದೆಲ್ಲ ನನ್ನ ಪಾಠಯೋಜನೆಗಳು. ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತಿದ್ದ ನನ್ನ ಬಿ.ಇಡಿ. ಇಂಟರ್ನ್‌ಶಿಪ್ ನಿನ್ನೆ ಮುಗಿಯಿತು. ಶಿಕ್ಷಕರ ತರಬೇತಿಗೆ ನಿಯಮ ರೂಪಿಸುವ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿಯು ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಎರಡನೆಯ ವರ್ಷದಲ್ಲಿ 16 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದು ವಿಧಿಸಿತು. ಇಷ್ಟೊಂದು ವಾರಗಳೇಕೆ ಎಂದು ಆರಂಭದಲ್ಲಿ ಗೊಣಗಿದವರಲ್ಲಿ ನಾನೂ ಒಬ್ಬಳು.

ಮೊದಲ ದಿನಗಳು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುವುದರಲ್ಲಿ, ಬೆಳಗಿನ ಹಾಲು ಮತ್ತು ಮಧ್ಯಾಹ್ನದ ಬಿಸಿಯೂಟದ ಸಾಲು ನೋಡಿಕೊಳ್ಳುವುದರಲ್ಲಿ ಕಳೆದವು. ಆಮೇಲೆ ಪಾಠಗಳು, ಘಟಕ ಪರೀಕ್ಷೆ, ಯಾವ ಭಾಗಕ್ಕೆ ಎಷ್ಟು ಅಂಕ ಎಂದು ತೋರಿಸುವ ಅದರ ನೀಲನಕ್ಷೆ, ತರಗತಿಯ ಸಮಸ್ಯೆಯೊಂದನ್ನು ಶಿಕ್ಷಕರೇ ಅಧ್ಯಯನ ಮಾಡುವ ಕ್ರಿಯಾ ಸಂಶೋಧನೆ ಎಲ್ಲವೂ ಒಟ್ಟಿಗೆ ಬಂದವು. ಮಕ್ಕಳ ಮುಖಗಳನ್ನು ಈ ವಿಡಿಯೊದಲ್ಲಿ ತೋರಿಸಿಲ್ಲ. ಕಪ್ಪುಹಲಗೆ, ಜಗಲಿ ಮತ್ತು ನನ್ನ ಕೈಬರಹ ಮಾತ್ರ ಕಾಣುತ್ತವೆ.

ಒಂಬತ್ತನೆಯ ತರಗತಿಗೆ ಹೆರಾನನ ಸೂತ್ರವನ್ನು ಕಲಿಸಿದ ದಿನವನ್ನು ಇಲ್ಲಿ ಹೇಳಲೇಬೇಕು. ಎತ್ತರ ತಿಳಿಯದಿದ್ದರೂ ಮೂರು ಬಾಹುಗಳ ಅಳತೆಯಿಂದಲೇ ತ್ರಿಭುಜದ ವಿಸ್ತೀರ್ಣ ಸಿಗುತ್ತದೆ ಎಂಬುದೇ ಆ ಸೂತ್ರದ ಸೊಗಸು. 13, 14, 15 ಮೀಟರ್ ಬಾಹುಗಳ ತ್ರಿಭುಜವನ್ನು ಹಲಗೆಯ ಮೇಲೆ ಬರೆದು, ಅರ್ಧ ಸುತ್ತಳತೆ 21 ಎಂದು ತೆಗೆದು, 84 ಚದರ ಮೀಟರ್ ಎಂಬ ಉತ್ತರದ ಕೆಳಗೆ ಎರಡು ಗೆರೆ ಎಳೆದೆ. 40 ನಿಮಿಷದ ಯೋಜನೆಯಲ್ಲಿ ಇನ್ನು ಮೌಲ್ಯಮಾಪನದ ಪ್ರಶ್ನೆಗಳಷ್ಟೇ ಉಳಿದಿದ್ದವು. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತು, "ಅದು ಎಷ್ಟು ಗುಂಟೆ ಆಯ್ತು ಮಿಸ್?" ಎಂದು ಕೇಳಿದ.

ನನ್ನ ಬಳಿ ಉತ್ತರವಿರಲಿಲ್ಲ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ ಎಂಬುದನ್ನು ನನಗೆ ಹೇಳಿಕೊಟ್ಟವನು ಆ ಹುಡುಗನೇ. ಲೆಕ್ಕ ಹಾಕಿದಾಗ ನನ್ನ ತ್ರಿಭುಜ ಒಂದು ಗುಂಟೆಯನ್ನೂ ತುಂಬಲಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ಅಷ್ಟಕ್ಕೇ ಬಿಡದೆ, "ನಮ್ ತೋಟಕ್ಕೆ ನಾಲ್ಕ್ ಮೂಲೆ ಐತೆ, ಅದಕ್ಕೇನ್ ಮಾಡೋದು?" ಎಂದ. ಎದುರುಬದುರು ಮೂಲೆಗಳ ನಡುವೆ ಹಗ್ಗ ಹಿಡಿದರೆ ಎರಡು ತ್ರಿಭುಜಗಳಾಗುತ್ತವೆ ಎಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು, ಮೌಲ್ಯಮಾಪನ ಹಾಗೆಯೇ ಉಳಿಯಿತು.

ಸೋಮವಾರ ಅವನು ಐದು ಅಳತೆಗಳನ್ನು ಬರೆದ ಚೀಟಿಯೊಂದಿಗೆ ಬಂದ. ತೆಂಗಿನ ಮರಗಳ ನಡುವೆ ಹಗ್ಗವನ್ನು ನೇರವಾಗಿ ಹಿಡಿಯುವುದೇ ದೊಡ್ಡ ಕಷ್ಟವಾಯಿತೆಂದ. ಇಡೀ ತರಗತಿ ಕುಳಿತು ಲೆಕ್ಕ ಮಾಡಿದಾಗ ಹನ್ನೆರಡು ಗುಂಟೆಗಿಂತ ಸ್ವಲ್ಪ ಹೆಚ್ಚು ಬಂತು. ಪಹಣಿಯಲ್ಲಿ ಹದಿಮೂರು ಇತ್ತು. ಸೂತ್ರ ತಪ್ಪೋ ಪಹಣಿ ತಪ್ಪೋ ಎಂಬ ಜಗಳಕ್ಕೆ ತೆರೆ ಎಳೆದವರು ಅವನ ತಾತ: ಮೊಮ್ಮಗ ಬದುವನ್ನು ಬಿಟ್ಟು ಒಳಗಡೆಯಿಂದ ಅಳೆದಿದ್ದನಂತೆ.

ಯೋಜನೆಯ ನಮೂನೆಯಲ್ಲಿ ಇಂತಹ ಪ್ರಶ್ನೆಗೆ ಅಂಕಣವಿಲ್ಲ. "ವಿದ್ಯಾರ್ಥಿಗಳ ನಿರೀಕ್ಷಿತ ಉತ್ತರ" ಎಂಬ ಅಂಕಣವಿದೆ, ಅದನ್ನು ನಾನು ಹಿಂದಿನ ರಾತ್ರಿಯೇ ಮಕ್ಕಳ ಪರವಾಗಿ ತುಂಬಿಸುತ್ತಿದ್ದೆ. ಆ ದಿನದ ನಂತರ ಪ್ರತಿ ಯೋಜನೆಯ ಕೊನೆಯ ಐದು ನಿಮಿಷಗಳನ್ನು ಖಾಲಿ ಬಿಟ್ಟೆ; ಕೆಲವು ದಿನ ಯಾರೂ ಏನೂ ಕೇಳಲಿಲ್ಲ, ಆ ಮೌನವನ್ನು ಸಹಿಸುವುದು ಪಾಠ ಮಾಡುವುದಕ್ಕಿಂತ ಕಷ್ಟವಾಗಿತ್ತು.

ನಿನ್ನೆ ಬೀಳ್ಕೊಡುಗೆಗೆ ಮಕ್ಕಳು ಸಂಪಿಗೆ ಹೂವು ತಂದಿದ್ದರು. ಈಗ ತೆರೆಯ ಮೇಲಿರುವುದು ಹೆರಾನನ ಸೂತ್ರದ ಆ ಪುಟ. ಅಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಕೆಂಪು ಶಾಯಿಯಲ್ಲಿ "ಸಮಯ ಪಾಲನೆ ಆಗಿಲ್ಲ" ಎಂದು ಬರೆದು, ಅದರ ಕೆಳಗೆ "ಹುಡುಗನ ಅಳತೆಗಳ ಚೀಟಿಯನ್ನು ಇಲ್ಲಿ ಅಂಟಿಸಿ" ಎಂದು ಸೇರಿಸಿದ್ದಾರೆ. ಗೋಂದು ಒಣಗಿದ ಮೇಲೆ ಪುಸ್ತಕವನ್ನು ಕಾಲೇಜಿಗೆ ಸಲ್ಲಿಸುತ್ತೇನೆ.