ತಿಶ್ರ ನಡೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಸಂಗೀತ ಕಲಿಯುವವರು ಬಹಳ ಸಲ ಮುಗ್ಗರಿಸುವ, ತಾಳದ ಪ್ರತಿ ಎಣಿಕೆಯನ್ನು ಮೂರಾಗಿ ಒಡೆಯುವ ತಿಶ್ರ ನಡೆಯನ್ನು ಇವತ್ತು ಎಣಿಸಿ ನೋಡೋಣ. ಕೈ ಬಿಡುವಿದ್ದವರು ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ಲಯ ಬರೀ ಕೇಳಿದರೆ ಬರುವುದಿಲ್ಲ, ಬಾಯಲ್ಲೂ ಕೈಯಲ್ಲೂ ಆಡಬೇಕು.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ತಿಶ್ರ ಜಾತಿ ಬೇರೆ, ತಿಶ್ರ ನಡೆ ಬೇರೆ. ಜಾತಿ ಹೇಳುವುದು ಲಘುವಿಗೆ, ಅಂದರೆ ತಾಳದಲ್ಲಿ ಒಂದು ತಟ್ಟು ಹಾಕಿ ಬೆರಳು ಎಣಿಸುವ ಭಾಗಕ್ಕೆ, ಎಷ್ಟು ಅಕ್ಷರ (ಎಣಿಕೆ) ಎಂಬುದನ್ನು. ತಿಶ್ರ ಜಾತಿ ತ್ರಿಪುಟ ತಾಳವೆಂದರೆ ಲಘುವಿಗೆ 3, ದ್ರುತವೆಂಬ ಎರಡು ಚಿಕ್ಕ ಭಾಗಕ್ಕೆ 2, 2, ಒಟ್ಟು 7 ಅಕ್ಷರ. ನಡೆ ಹೇಳುವುದು ಒಂದೊಂದು ಅಕ್ಷರದ ಒಳಗೆ ಎಷ್ಟು ಮಾತ್ರೆ, ಅಂದರೆ ಎಷ್ಟು ಪಾಲು, ಎಂಬುದನ್ನು. ಆದಿತಾಳಕ್ಕೆ ಯಾವಾಗಲೂ 8 ಅಕ್ಷರ; ಅಕ್ಷರಕ್ಕೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ ಅದು 32 ಮಾತ್ರೆ, ತಿಶ್ರದಲ್ಲಿ 24. ಗಿಟಾರ್, ಕೀಬೋರ್ಡ್ ನುಡಿಸುವವರು ಟ್ರಿಪ್ಲೆಟ್ ಎನ್ನುವಾಗಲೂ ಮಾಡುವ ಕೆಲಸ ಇದೇ: ಒಂದು ಪೆಟ್ಟನ್ನು ಮೂರು ಸಮಪಾಲು ಮಾಡುವುದು.

ಆ ‘ಸಮಪಾಲು’ ಅನ್ನುವಲ್ಲೇ ಇರುವುದು ಕಷ್ಟವೆಲ್ಲ. ನಿಮಿಷಕ್ಕೆ 60 ಪೆಟ್ಟಿನ ಕಾಲಪ್ರಮಾಣ ಇಟ್ಟುಕೊಳ್ಳಿ. ‘ತಕಿಟ ತಕಿಟ’ ಎನ್ನಿ, ಪ್ರತಿ ‘ತ’ಕ್ಕೆ ಒಂದು ಪೆಟ್ಟು. ಹೊಸಬರ ಬಾಯಲ್ಲಿ ಇದು ‘ತಕಿಟ’, ಒಂದು ಚಿಕ್ಕ ತಡೆ, ಮತ್ತೆ ‘ತಕಿಟ’ ಎಂದಾಗುತ್ತದೆ. ನಾಲ್ಕರ ಅಭ್ಯಾಸ ಗಟ್ಟಿಯಾಗಿರುವುದರಿಂದ ನಾಲ್ಕನೆಯ ಮನೆ ಖಾಲಿ ಬಿಟ್ಟು ಮೂರನ್ನು ಹೇಳುತ್ತಾರೆ, ಅಷ್ಟೇ. ಅದು ತಿಶ್ರವಲ್ಲ, ಒಂದು ಮಾತ್ರೆ ನುಂಗಿದ ಚತುರಶ್ರ. ತಾಳ ನಿಲ್ಲಿಸಿ, ಉಸಿರು ಎಲ್ಲೂ ಸಿಕ್ಕಿಕೊಳ್ಳದ ಹಾಗೆ ‘ತಕಿಟತಕಿಟತಕಿಟ’ ಎಂದು ಉದ್ದಕ್ಕೆ ಹೇಳಿ. ಸಾಲು ಸಮವಾಗಿ ಹರಿದ ಮೇಲೆ ಮಾತ್ರ ‘ತ’ಕ್ಕೆ ಪೆಟ್ಟು ಸೇರಿಸಿ.

ನಮ್ಮ ಛಂದಸ್ಸಿನ ಲಘು ಗುರು (ಇದು ತಾಳದ ಲಘುವಲ್ಲ; ಇಲ್ಲಿ ಲಘು ಒಂದು ಮಾತ್ರೆ, ಗುರು ಎರಡು) ಇಲ್ಲಿ ಒಳ್ಳೆಯ ಆಸರೆ. ‘ಅವರೆ’ ಮೂರು ಲಘು, ಮೂರು ಮಾತ್ರೆ. ‘ಮಂಡ್ಯ’, ‘ಕಬ್ಬು’, ‘ಬೆಲ್ಲ’ ಗುರು ಲಘು ಸೇರಿ ಮೂರೇ. ಆದರೆ ಎರಡನೆಯ ಮಾತ್ರೆಯಲ್ಲಿ ಹೊಸ ಅಕ್ಷರ ಹುಟ್ಟುವುದಿಲ್ಲ. ‘ಬೆಳಗೊಳ’ ನಾಲ್ಕು. ‘ಮೈಸೂರು’ ಐದು, ಅದು ಐದು ಮಾತ್ರೆಯ ಖಂಡ ನಡೆಗೆ ಸೇರಿದ್ದು. ಒಂದೇ ಪೆಟ್ಟಿನ ಅಳತೆಯಲ್ಲಿ ನಾಲ್ಕು ಸಲ ‘ಅವರೆ’, ನಾಲ್ಕು ಸಲ ‘ಮಂಡ್ಯ’, ನಾಲ್ಕು ಸಲ ‘ಬೆಳಗೊಳ’ ಹೇಳಿ ನೋಡಿ. ಭೋಗ ಷಟ್ಪದಿ ಓದಿ ಬಲ್ಲವರಿಗೆ ಮೂರು ಮಾತ್ರೆಯ ಗಣ ಆಗಲೇ ಬಾಯಿಗೆ ಹತ್ತಿರುತ್ತದೆ.

‘ಮಂಡ್ಯ’ದಿಂದ ‘ಬೆಳಗೊಳ’ಕ್ಕೆ, ಮತ್ತೆ ವಾಪಸು ಬರುವಾಗ ಎರಡನೆಯ ತಪ್ಪು ಬಯಲಾಗುತ್ತದೆ: ತಾಳ ಓಡುತ್ತದೆ. 60ರ ಕಾಲದಲ್ಲಿ ಚತುರಶ್ರಕ್ಕೆ ನಿಮಿಷಕ್ಕೆ 240 ಮಾತ್ರೆ. ಬಾಯಿ ಅದೇ ವೇಗ ಹಿಡಿದುಕೊಂಡು ಮೂರು ಮೂರಾಗಿ ಕತ್ತರಿಸಿದರೆ ಪೆಟ್ಟು 80ಕ್ಕೆ ಏರಿಬಿಡುತ್ತದೆ. ತಿಶ್ರದಲ್ಲಿ ಮಾತ್ರೆ 180ಕ್ಕೆ ಇಳಿಯಬೇಕು, ಪೆಟ್ಟು 60ರಲ್ಲೇ ನಿಲ್ಲಬೇಕು. ಸಡಿಲಿಸಬೇಕಾದ್ದು ನಾಲಿಗೆಯನ್ನು, ಕೈಯನ್ನಲ್ಲ. ಸಮವಾಗಿ ಪೆಟ್ಟು ಹಾಕುವ ಮೆಟ್ರೊನೋಮ್ ಇದ್ದರೆ ಈ ತಪ್ಪು ಮೊದಲ ಆವರ್ತನದಲ್ಲೇ, ಅಂದರೆ ತಾಳದ ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ, ಫೋನಿನದ್ದೂ ಸಾಕು.

ಈಗ ಮಾಯಾಮಾಳವಗೌಳ ರಾಗದ ಮೊದಲ ಸರಳೆ ವರಸೆ, ಅಂದರೆ ಹೊಸಬರ ಮೊದಲ ಸ್ವರಪಾಠ. ಆದಿತಾಳದ ಕೈ ಹೀಗೆ: ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಇದು ಲಘು; ಆಮೇಲೆ ತಟ್ಟು ಮತ್ತು ಹುಸಿ (ಅಂಗೈ ಮೇಲಾಗಿ ತಿರುಗಿಸುವುದು) ಸೇರಿದ ದ್ರುತ, ಎರಡು ಸಲ. ‘ಸರಿಗಮಪದನಿಸ’ ಆರೋಹಣವನ್ನಷ್ಟೇ ಆದಿತಾಳದಲ್ಲಿ, ಅಕ್ಷರಕ್ಕೆ ಮೂರು ಸ್ವರದಂತೆ ಹಾಡಿ: ಸರಿಗ, ಮಪದ, ನಿಸಸ, ರಿಗಮ, ಹೀಗೆ. ಎಂಟು ಸ್ವರ ಮೂರು ಸಲ ಬಂದರೆ 24, ಸರಿಯಾಗಿ ಒಂದು ಆವರ್ತನ. ಎರಡನೆಯ ಸುತ್ತು ಶುರುವಾಗುವುದು ಉಂಗುರ ಬೆರಳಿನ ಮೂರನೆಯ ಮಾತ್ರೆಯಲ್ಲಿ. ಮೂರನೆಯ ಸುತ್ತು ಶುರುವಾಗುವುದು ಮೊದಲ ದ್ರುತದ ಹುಸಿಯ ಎರಡನೆಯ ಮಾತ್ರೆಯಲ್ಲಿ. ಈ ಎರಡು ಜಾಗದಲ್ಲಿ ಕೈ ತಾನೇ ‘ಸ’ದ ಮೇಲೆ ಬೀಳಲು ಎಳೆಯುತ್ತದೆ, ಬಿಡಬೇಡಿ. ‘ಸ’ವನ್ನು ಒತ್ತಿ ಹಾಡದೆ ಎಲ್ಲ ಸ್ವರವನ್ನೂ ಒಂದೇ ತೂಕದಲ್ಲಿ ಹಾಡಿದರೆ ಎಳೆತ ಕಡಿಮೆಯಾಗುತ್ತದೆ. ಮೂರನೆಯ ಸುತ್ತಿನ ತಾರಸ್ಥಾಯಿ ಷಡ್ಜ (ಮೇಲಿನ ‘ಸ’) ಕೊನೆಯ ಹುಸಿಯ ಕೊನೆಯ ಮಾತ್ರೆಗೆ ಬಂದರೆ ಲೆಕ್ಕ ಕೂಡಿತು. ಮುಂಚೆ ಮುಗಿದರೆ ‘ನಿಸಸ’ ಎಂಬಲ್ಲಿ ಎರಡು ಷಡ್ಜ ಒಂದಾಗಿರುತ್ತದೆ. ಅಲ್ಲಿ ಎರಡನ್ನೂ ಬಿಡಿಸಿ ಹಾಡಿ.

ಇದು ಕೂತ ಮೇಲೆ ಕೊನೆಯ ಪರೀಕ್ಷೆ. ‘ತಕಿಟ’ ಹೇಳುತ್ತಾ ಪೆಟ್ಟನ್ನು ‘ಕಿ’ಗೆ ಹಾಕಿ, ಆಮೇಲೆ ‘ಟ’ಕ್ಕೆ. ಮೂರು ಪಾಲು ಸಮವಿದ್ದರೆ ಪೆಟ್ಟು ಎಲ್ಲಿ ಬಿದ್ದರೂ ಸಾಲು ಅಲುಗಾಡುವುದಿಲ್ಲ. ಅಲುಗಾಡಿದರೆ ಕಾಲವನ್ನು 60ರಿಂದ 50ಕ್ಕೆ ಇಳಿಸಿ, ಮತ್ತೆ ‘ಅವರೆ’ಯಿಂದ ಹಿಡಿಯಿರಿ. ನಮಸ್ಕಾರ.