ನೀತಾಳ ಚಪ್ಪಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಭಾನುವಾರ ಮುಂಬೈಯ ಮಾಟುಂಗದ ಗೆಳತಿಯ ಮನೆಯಲ್ಲಿ ನಾವು ನಾಲ್ವರು ಕನ್ನಡತಿಯರು ಋತ್ವಿಕ್ ಘಟಕ್ ಅವರ 1960ರ ಬಂಗಾಳಿ ಚಿತ್ರ ‘ಮೇಘೇ ಢಾಕಾ ತಾರಾ’ ನೋಡಿದೆವು. ಆರಂಭದಲ್ಲಿಯೇ ನಾಯಕಿ ನೀತಾಳ ಚಪ್ಪಲಿಯ ಪಟ್ಟಿ ಕಿತ್ತುಹೋಗುತ್ತದೆ. ಅವಳು ನಿಂತು ನೋಡುತ್ತಾಳೆ, ಮತ್ತೆ ನಡೆಯುತ್ತಾಳೆ. ನನಗೆ ಅಲ್ಲಿಯೇ ಗಂಟಲು ಕಟ್ಟಿತು.

ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಬಂದು ಕಲ್ಕತ್ತೆಯ ಅಂಚಿನಲ್ಲಿ ನೆಲೆಸಿದ ನಿರಾಶ್ರಿತ ಕುಟುಂಬ ಅವಳದು. ತಂಗಿಗೆ ಸೀರೆ ಬೇಕು, ತಮ್ಮನಿಗೆ ಬೂಟು ಬೇಕು, ಅಣ್ಣ ಶಂಕರನಿಗೆ ಸಂಗೀತವೇ ಸರ್ವಸ್ವ. ಓದು ಬಿಟ್ಟು ನೀತಾ ಕೆಲಸಕ್ಕೆ ಸೇರುತ್ತಾಳೆ. ಹೆಣ್ಣುಮಗಳು ಹೊಸಿಲು ದಾಟಿ ದುಡಿಯುವುದು ಆ ಕಾಲಕ್ಕೆ ದೊಡ್ಡ ಬದಲಾವಣೆ. ಆದರೆ ಬದಲಾದದ್ದು ಹೊಸಿಲಿನ ಹೊರಗೆ ಮಾತ್ರ. ಅವಳ ಮದುವೆಯಾದರೆ ಸಂಬಳ ನಿಂತೀತೆಂದು ಹೆತ್ತ ತಾಯಿಯೇ ಹೆದರುತ್ತಾಳೆ. ಆ ತಾಯಿಯನ್ನು ಕೆಟ್ಟವಳೆನ್ನಲು ನನಗೆ ಮನಸ್ಸು ಬಾರದು. ಒಲೆಯ ಮುಂದೆ ಕುಳಿತವಳಿಗೆ ನಾಳೆಯ ಅಕ್ಕಿಯ ಚಿಂತೆ.

ನೀತಾ ಒಲಿದಿದ್ದ ಸನತ್ ಅವಳ ತಂಗಿಯ ಕೈ ಹಿಡಿಯುತ್ತಾನೆ. ಸಂಗತಿ ತಿಳಿದು ನೀತಾ ಮೆಟ್ಟಿಲಿಳಿಯುವಾಗ ಚಾಟಿಯೇಟಿನ ಸದ್ದು ಕೇಳುತ್ತದೆ. ಹೊಡೆಯುವವರು ಕಾಣುವುದಿಲ್ಲ. ಇದನ್ನು ಅತಿಭಾವುಕತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಯಿ ಬಿಟ್ಟು ಅಳದವಳ ನೋವನ್ನು ಸದ್ದಿನಲ್ಲಲ್ಲದೆ ಬೇರೆ ಹೇಗೆ ತೋರಿಸಬೇಕಿತ್ತು? ಕೊನೆಗೆ ಕ್ಷಯ ತಗುಲಿ ಶಿಲ್ಲಾಂಗಿನ ಬೆಟ್ಟದ ಆಸ್ಪತ್ರೆಯಲ್ಲಿರುವಾಗ ಅವಳು ಅಣ್ಣನೆದುರು ಕೂಗುತ್ತಾಳೆ: “ದಾದಾ, ನಾನು ಬದುಕಬೇಕೆಂದಿದ್ದೆ!”

ನನ್ನ ಚಿಕ್ಕಮ್ಮ ಕುಂದಾಪುರದ ಕಡೆಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂಬೈಗೆ ಬಂದವರು. ಕುರ್ಲಾದ ಚಾಳಿನಲ್ಲಿ ವಾಸ, ಫೋರ್ಟಿನ ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸ. ಲೋಕಲ್ ಹಿಡಿಯುವ ಧಾವಂತದಲ್ಲಿ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡೇ ಒಂದು ಮಳೆಗಾಲ ಕಳೆದರಂತೆ. ಊರಿಗೆ ತಿಂಗಳು ತಿಂಗಳೂ ಮನಿಯಾರ್ಡರ್ ಹೋಗುತ್ತಿತ್ತು. ಫಾರಂನ ಕೆಳತುದಿಯ ಚೀಟಿಯಲ್ಲಿ ಬರೆಯುತ್ತಿದ್ದುದು ಒಂದೇ ಸಾಲು: “ನಾನು ಕ್ಷೇಮ.” ಅಜ್ಜಿ ಆ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅವುಗಳನ್ನು ಎಣಿಸಿ ಆಡಿದ್ದೇನೆ ನಾನು. ಚಿಕ್ಕಮ್ಮನಿಗೇನು ಬೇಕೆಂದು ನಾವ್ಯಾರೂ ಕೇಳಿರಲಿಲ್ಲ.

ಚಿತ್ರ ನೋಡಿದ ರಾತ್ರಿ ಫೋನ್ ಮಾಡಿದೆ.

“ಚಿಕ್ಕಮ್ಮ, ಆಗ ನಿಮಗೆ ಏನು ಆಸೆಯಿತ್ತು?”

ತುಸು ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: “ರಾತ್ರಿ ಕಾಲೇಜಿನ ಫಾರಂ ತಂದಿಟ್ಟಿದ್ದೆ, ಮಗಳೇ. ತುಂಬಿಸಿಯೂ ಇಟ್ಟಿದ್ದೆ.”